ಸೌಟಿನ ಸದ್ದು

ಇವತ್ತು ಅನ್ನದ ಸೌಟನ್ನು ಪಾತ್ರೆಗೆ ಬಡಿದಾಗ ಚಿಕ್ಕಂದಿನ ಶಾಲೆಯ ಗೆಳತಿ ನಾ ಪಾವ್ ನೆನಪಾದಳು. ಬರ್ಮಾದಿಂದ ತಪ್ಪಿಸಿಕೊಂಡು ಯಲಹಂಕದ ನಮ್ಮ ತಗಡಿನ ಶೆಡ್ಡುಗಳಿಗೆ ಬಂದಿದ್ದ ಕರೆನ್ ಬುಡಕಟ್ಟಿನ ಹುಡುಗಿ. ಅವರ ಊರಿನ ಶಾಲೆ ಸುಟ್ಟ ದಿನದಿಂದ ಅವಳು ಬಾಯೇ ಬಿಟ್ಟಿರಲಿಲ್ಲವಂತೆ.

"ಇವ್ಳ ಜೀವ ಅಲ್ಲೇ ಇದೆ ಮಿಸ್, ಆ ಸ್ಕೂಲಲ್ಲಿ. ಕರೀಬೇಕು," ಎಂದರು ಅಷ್ಟರಲ್ಲಿ ಕನ್ನಡ ಕಲಿತಿದ್ದ ಅವಳಜ್ಜಿ. ಅವರ ಕಡೆಯ ಪದ್ಧತಿಯಂತೆ ನಮ್ಮ ಶೆಡ್ಡಿನ ಶಾಲೆಯ ಬಾಗಿಲಿಗೆ ಸೌಟು ಬಡಿದು ಬಡಿದು ಜೀವವನ್ನು ಕರೆದರು. ಬಂದ ಜೀವ ಮತ್ತೆ ಹೋಗದಂತೆ ಮೊಮ್ಮಗಳ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು. ಕೆಲವೇ ದಿನಗಳಲ್ಲಿ ನಾ ಪಾವ್ ನಮ್ಮ ಜೊತೆ ಅ, ಆ ಎಂದಳು.

ದಸರಾ ರಜೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಅವರಿದ್ದ ಸಾಲಿನ ಶೆಡ್ಡುಗಳನ್ನು ಕೆಡವಿದ್ದರು. ಎಲ್ಲಿಗೆ ಹೋದರೋ, ಮಿಸ್‌ಗೂ ಗೊತ್ತಿರಲಿಲ್ಲ. ಅವಳನ್ನು ಕರೆಯಲು ನಾನು ಮನೆಯಿಂದ ಸೌಟು ತಂದು ಶಾಲೆಯ ಬಾಗಿಲಿಗೆ ಬಡಿಯತೊಡಗಿದೆ.

ಮಿಸ್ ನನ್ನ ಕೈ ಹಿಡಿದರು. "ಬೇಡ ಪುಟ್ಟಾ. ಅವ್ಳ ಜೀವ ಇಲ್ಲಿಗೆ ಬಂದ್ಬಿಟ್ರೆ, ಈಗಿರೋ ಕಡೆ ಅವ್ಳು ಮತ್ತೆ ಮಾತಾಡಲ್ಲ ಕಣೇ."

ಇವತ್ತು ಸೌಟನ್ನು ಸದ್ದಾಗದಂತೆ ಕೆಳಗಿಟ್ಟೆ.