ಊಟದ ಹೊತ್ತಿನ ಚೀಟಿ

ನನಗೆ ಮಾತು ಕಲಿಸಿದವರ ಬಾಯಿ ಮುಚ್ಚಿಸಿದವನು ನಾನೇ.

ಮಾಸ್ಟ್ರು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಆಮೇಲೆ ದಿನಾ ಮಧ್ಯಾಹ್ನ ಕುಂಬ್ರದ ನಮ್ಮ ಜಗಲಿಗೆ ಬರುತ್ತಿದ್ದರು. ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ಅಮ್ಮನಿಗೂ ನೆರೆಮನೆಯ ಹೆಂಗಸರಿಗೂ ಸತ್ಯ ಎಂದರೇನು, ನ್ಯಾಯ ಎಂದರೇನು ಎಂದು ತುಳುವಿನಲ್ಲಿ ಹೇಳುತ್ತಿದ್ದರು. ಕೈ ನಿಲ್ಲಿಸಬೇಡಿ, ಕಿವಿ ಕೊಟ್ಟರೆ ಸಾಕು ಎನ್ನುತ್ತಿದ್ದರು. ಅದನ್ನು ಕೇಳಿ ಕೇಳಿಯೇ ನಾನು ಭಾಷಣಕಾರನಾದೆ.

ಅವರಿಗೆ ಎಂಬತ್ತು ತುಂಬಿದಾಗ ಪುತ್ತೂರಿನ ದರ್ಬೆಯ ಸಭಾಭವನದಲ್ಲಿ ಸನ್ಮಾನ ಇಟ್ಟೆವು. ನಿರೂಪಕ ನಾನು. ಅವರನ್ನು ಹೊಗಳಲು ಒಂಬತ್ತು ಮಂದಿ ಎರಡೂವರೆ ಗಂಟೆ ತೆಗೆದುಕೊಂಡರು. ಒಬ್ಬನೂ ಅವರ ಪಾಠ ಕೇಳಿದವನಲ್ಲ. ಕೇಳಿದವರು ಅಂದಿನ ಬೀಡಿ ಬಿಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಮಾಸ್ಟ್ರು ಮೈಕಿನ ಮುಂದೆ ನಿಂತು ಆ ಸಾಲಿನತ್ತ ನೋಡಿದರು.

"ನೀವು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬಾಕಿ ಉಂಟು."

ಅಧ್ಯಕ್ಷರು ಗಡಿಯಾರ ನೋಡಿದರು. ನಾನು ಚೀಟಿ ಬರೆದು ಮಾಸ್ಟ್ರ ಮುಂದಿಟ್ಟೆ: ಊಟ ತಣಿಯುತ್ತಾ ಉಂಟು. ಅವರು ಓದಿದರು, ಮಡಚಿ ಜೇಬಿಗೆ ಹಾಕಿದರು, ನಮಸ್ಕಾರ ಹೇಳಿ ಕೂತರು.

"ಅವರು ಎಂತ ಹೇಳ್ಲಿಕ್ಕೆ ಹೊರಟದ್ದು?" ಬಸ್ಸಿನಲ್ಲಿ ಅಮ್ಮ ಕೇಳಿದಳು.

"ಯಾರಿಗೆ ಗೊತ್ತು? ಊಟ ಲಾಯ್ಕ ಇತ್ತಲ್ಲ," ಅಂದೆ.

ಎರಡು ತಿಂಗಳಲ್ಲಿ ಮಾಸ್ಟ್ರು ತೀರಿಕೊಂಡರು. ಈಗ ಪುತ್ತೂರು, ಸುಳ್ಯ, ಕಡಬ, ಎಲ್ಲಿ ಅವರ ನೆನಪಿನ ಸಭೆಯಾದರೂ ನನ್ನನ್ನೇ ಕರೆಯುತ್ತಾರೆ. ಒಂದು ಗಂಟೆ ಮಾತಾಡುತ್ತೇನೆ. ಯಾರೂ ಚೀಟಿ ಕೊಡುವುದಿಲ್ಲ.