ಅವ್ವನ ಹಲ್ಲೂ ನನ್ನ ಹೆಬ್ಬೆರಳೂ

ಮೊನ್ನೆ ಕಂಪನಿಯ ಪ್ರತಿನಿಧಿಯೊಬ್ಬ ನನ್ನ ಹಲ್ಲಿನ ದವಾಖಾನೆಗೆ ಬಂದು ಹೊಸ ಯಂತ್ರವನ್ನೂ ಸೂಜಿಗಳನ್ನೂ ಮೇಜಿನ ಮೇಲೆ ಹರಡಿದ. ರೂಟ್ ಕೆನಾಲ್ ಮಾಡುವಾಗ ಹಲ್ಲಿನೊಳಗಿನ ಕೊಳೆ ಬೇರಿನ ತುದಿ ದಾಟಿ ದವಡೆಗೆ ನುಗ್ಗುವುದನ್ನು ಇವು ಕಡಿಮೆ ಮಾಡುತ್ತವಂತೆ. ತೋರಿಸಲೆಂದು ಅವನು ತೊಳೆಯುವ ಔಷಧದ ಬಾಟಲಿ ತೆರೆದ. ಬ್ಲೀಚಿಂಗ್ ಪುಡಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವನ ಇಂಗ್ಲಿಷ್ ನನಗೆ ಕೇಳಿಸದಾಯಿತು. ಅವನು ಅರ್ಧ ಗಂಟೆ ಹೇಳಿದ್ದನ್ನು ನಮ್ಮವ್ವ ಬಾಯಿ ತೆರೆಯಲಾಗದ ಸ್ಥಿತಿಯಲ್ಲೇ ಹೇಳಿ ಮುಗಿಸಿದ್ದಳು.

ಎಪ್ಪತ್ತರ ದಶಕದ ಮಾತು. ನಾನು ಬಳ್ಳಾರಿಯಲ್ಲಿ ಹೊಸದಾಗಿ ಬೋರ್ಡು ಹಾಕಿದ್ದೆ. ಅದರಲ್ಲಿ ನನ್ನ ಹೆಸರಿಗಿಂತ ಡಿಗ್ರಿಯ ಅಕ್ಷರಗಳೇ ದಪ್ಪ. ಆಗ ನಮ್ಮ ಕಡೆ ಹಲ್ಲುನೋವೆಂದರೆ ಲವಂಗ. ಲವಂಗಕ್ಕೂ ಬಗ್ಗದಿದ್ದರೆ ಇಕ್ಕಳ. ಹಲ್ಲು ಉಳಿಸುತ್ತೇನೆಂದ ನನ್ನನ್ನು ಜನ ಕೀಳಲು ಬಾರದವನೆಂದೇ ತಿಳಿದರು. ಬಂದ ಒಬ್ಬಿಬ್ಬರೂ ಔಷಧದ ನೀರು ನಾಲಿಗೆಗೆ ತಾಗಿದೊಡನೆ ಉಗಿದು, ಬೈದು, ಎದ್ದು ಹೋಗುತ್ತಿದ್ದರು. ಅದಕ್ಕೆ ನಾನೊಂದು ಘನವಾದ ಉಪಾಯ ಕಂಡುಹಿಡಿದೆ: ಸೂಜಿಯನ್ನು ಬೇರಿನ ನಾಳದಲ್ಲಿ ಬಿಗಿಯಾಗಿ ಸಿಕ್ಕಿಸಿ, ಹನಿಯೂ ಹೊರಬಾರದಂತೆ ಹೆಬ್ಬೆರಳಿನಿಂದ ಒತ್ತುವುದು. ಬಾಯಿಗೆ ಬಾರದ ನೀರು ಮತ್ತೆಲ್ಲಿಗೆ ಹೋಯಿತೆಂದು ಕೇಳಿಕೊಳ್ಳುವಷ್ಟು ಬಿಡುವು ನನ್ನ ಬುದ್ಧಿವಂತಿಕೆಗೆ ಇರಲಿಲ್ಲ.

ಮೊದಲು ಯಾರ ಮೇಲೆ? ಹೆತ್ತವರು ಇರುವುದೇ ಅದಕ್ಕಲ್ಲವೇ! ಕುರುಗೋಡಿನಿಂದ ಅವ್ವ ದವಡೆ ಹಿಡಿದುಕೊಂಡು ಬಂದಳು. ಸಣ್ಣ ಅರದಂಥ ಫೈಲನ್ನು ನಾಳಕ್ಕಿಳಿಸಿ ಎತ್ತಿ ಎತ್ತಿ ಕುಟ್ಟಿದೆ. ಆಮೇಲೆ ಹೆಬ್ಬೆರಳಿನ ಪರಾಕ್ರಮ. ಮರುದಿನ ಬೆಳಿಗ್ಗೆ ಅವಳ ಕೆನ್ನೆ ಊದಿ ಒಂದು ಕಣ್ಣೇ ಮುಚ್ಚಿತ್ತು. ಹಲ್ಲು ತೆರೆದು ಕೀವು ಹೊರಬಿಟ್ಟೆ, ಮಾತ್ರೆ ಕೊಟ್ಟೆ.

"ಏನು ಮಾಡಿದಿ, ಬಿಡಿಸಿ ಹೇಳು," ಎಂದಳು, ಹಲ್ಲು ಕಚ್ಚಿಕೊಂಡೇ. ಪಾಠ ಒಪ್ಪಿಸಿದೆ. ಅವ್ವ ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಬೆಳೆದವಳು.

"ಲೇ, ಗದ್ದಿ ತೂಬು ಕಟ್ಕೊಂಡ್ರ ಕೋಲು ಹಾಕಿ ಮುಂದಕ ಜಡೀತಾರೇನು? ಹೂಳೆಲ್ಲ ಆಚಿ ಮಡಿಗೆ ಹೊಕ್ಕೊಂತೈತಿ. ತಿರುವಿ ತಿರುವಿ ಈ ಕಡಿ ಎಳ್ಕೋಬೇಕು. ಹೊಕ್ಕ ನೀರು ಹೊಳ್ಳಿ ಬರಾಕ ಸಂದಿ ಬಿಡಬೇಕು."

"ಹಲ್ಲು ಬ್ಯಾರಿ, ಗದ್ದಿ ಬ್ಯಾರಿ, ಅವ್ವಾ."

"ಹೌದಪಾ. ಗದ್ದಿ ಊದ್ಕೊಳ್ಳಂಗಿಲ್ಲ."

ಅವಳು ಊರಿಗೆ ಹೋದ ಮೇಲೆ, ಯಾರೂ ನೋಡದಂತೆ, ಕಿತ್ತಿಟ್ಟ ಹಲ್ಲೊಂದರ ಬೇರನ್ನು ನೀರಿನ ಗ್ಲಾಸಿನಲ್ಲಿ ಮುಳುಗಿಸಿ ಹಿಡಿದೆ. ನನ್ನ ರೀತಿಯಲ್ಲಿ ಕುಟ್ಟಿ ಒತ್ತಿದೆ. ತುದಿಯಿಂದ ಕೊಳೆ ಹೊಗೆಯಂತೆ ಹೊರಟಿತು. ಇನ್ನೊಂದು ಹಲ್ಲಿಗೆ ಫೈಲನ್ನು ತಿರುಗಿಸಿ ಹಿಂದಕ್ಕೆಳೆದು, ಸೂಜಿಯನ್ನು ಸಡಿಲ ಬಿಟ್ಟು, ಮೆಲ್ಲಗೆ ತೊಳೆದೆ. ಪೂರ್ತಿ ನಿಲ್ಲಲಿಲ್ಲ, ಆದರೂ ನೀರು ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯಿತು. ನನಗೆ ಅಳು ಬಂತು.

ಅಷ್ಟರಲ್ಲಿ ಕುರುಗೋಡಿನವರೊಬ್ಬರು ಹಲ್ಲು ತೋರಿಸಲು ಬಂದರು. "ಡಾಕ್ಟ್ರೇ, ನಿಮ್ಮವ್ವಗ ಕಣಜ ಕಡ್ದು ಮುಖ ಎಷ್ಟು ಊದೈತ್ರಿ! ಅಂಥಾದ್ರಾಗೂ 'ನನ್ನ ಮಗನ ಕೈ ಭಾಳ ಹಗುರ, ಹೋಗು' ಅಂತ ನನ್ನ ಕಳಿಸ್ಯಾರ." ಆ ಕಣಜ ಕೈ ತೊಳೆದುಕೊಂಡು ಅವರ ಬಾಯಿ ನೋಡಿತು.

ಊತ ಇಳಿದ ಮೇಲೆ ಅವ್ವ ಮತ್ತೆ ಬಂದಳು. ಮಗ ಪಾಠ ಕಲಿತನೆಂಬ ನಂಬಿಕೆಯಿಂದ ಬಂದಳೆಂದು ನಾನು ಬೀಗುತ್ತಿದ್ದೆ. ಅವಳು ಕುರ್ಚಿಯಲ್ಲಿ ಒರಗಿ, ಸೆರಗನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಪಿಸುಗುಟ್ಟಿದಳು: "ಹೊರಗ ಮೂರು ಮಂದಿ ಕುಂತಾರ. ನೀ ನಿನ್ನ ಕೆಲಸ ಮಾಡು. ನಾ ಕೂಗಂಗಿಲ್ಲ."

ಅಂದರೆ ಅವಳು ಗುಣವಾಗಲು ಬಂದವಳಲ್ಲ. ಇನ್ನೊಮ್ಮೆ ನೋಯಲು ತಯಾರಾಗಿ ಬಂದವಳು. ತಿರುಗಿಸಿ ಎಳೆದೆ, ಸಡಿಲ ಬಿಟ್ಟು ತೊಳೆದೆ. "ನೋವಾತೇನು?" ಎಂದೆ. "ಇಲ್ಲ," ಎಂದಳು. ಮರುದಿನ ಕೆನ್ನೆ ಊದಲಿಲ್ಲ. ಆದರೆ ಆ 'ಇಲ್ಲ' ನಿಜವೋ ಸುಳ್ಳೋ ನನಗೆ ಇಂದಿಗೂ ತಿಳಿಯದು.

ಪ್ರತಿನಿಧಿಯಿಂದ ಯಂತ್ರ ಕೊಂಡೆ, ಒಳ್ಳೆಯದೇ ಇದೆ. ನಿನ್ನೆ ಸಿರಿಗೇರಿಯ ಮುದುಕಿಯೊಬ್ಬರು ಅದರ ಕೆಳಗೆ ಮಿಸುಕದೆ ಕೂತಿದ್ದರು. "ನಮ್ಮವ್ವ ಭಾಳ ಗಟ್ಟಿ ಅದಾಳ್ರಿ, ನೀವು ಮಾಡ್ರಿ," ಎಂದ ಪಕ್ಕದಲ್ಲಿದ್ದ ಮಗ. ಕೂಗುವವರೆಂದರೆ ನನಗೆ ಹೆದರಿಕೆಯಿಲ್ಲ; ಸುಮ್ಮನಿರುವವರೆಂದರೇ ಹೆದರಿಕೆ. ಯಂತ್ರ ನಿಲ್ಲಿಸಿ, ಅವನನ್ನು ಹೊರಗೆ ಕಳಿಸಿದೆ.

"ಈಗ ಹೇಳ್ರಿ ಅಮ್ಮಾ, ನೋಯ್ತೈತೇನು?"

ಆಕೆ ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿಕೊಂಡು, "ಭಾಳ," ಎಂದರು.