ಕಣದಲ್ಲಿ ಊಟದ ಹೊತ್ತು

ಸ್ವಾತಂತ್ರ್ಯ ಬಂದ ಮೇಲೂ ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲದಲ್ಲಿ ನಾನು ಮಾದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದೆ. ರೈಟರು ಬರೆಯುವವರೇ ಹೌದು. ಬರೆಯುತ್ತಿದ್ದದ್ದು ಮಾತ್ರ ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದಷ್ಟೇ. ಹಣ್ಣು ಕೊಯ್ಯುವವರಿಗೆ ಬುಟ್ಟಿಯ ಲೆಕ್ಕ. ಕಣದಲ್ಲಿ ಬೀಜ ಒಣಗಿಸುವವರಿಗೆ ಗಂಟೆಯ ಲೆಕ್ಕ, ಗಂಟೆಗೆ ಎರಡಾಣೆ. ಆ ವರ್ಷ ಸರ್ಕಾರದ ಒಂದು ಹೊಸ ಕಾಗದ ಬಂದಿತ್ತು: ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿದರೆ ಮೀರಿದ ಹೊತ್ತಿಗೆ ಇಮ್ಮಡಿ ಕೂಲಿ. ಅದನ್ನು ಮೊಳೆ ಹೊಡೆದು ಗೋಡೆಗೆ ತೂಗಿಹಾಕಿ, ನಮ್ಮಲ್ಲಿ ಯಾರೂ ಮೀರುವುದಿಲ್ಲವೆಂದು ನೆಮ್ಮದಿಯಾಗಿದ್ದೆ. ಬೆಳಿಗ್ಗೆ ಏಳಕ್ಕೆ ಶುರು, ಸಂಜೆ ಐದಕ್ಕೆ ಬಿಡುವು, ನಡುವೆ ಹನ್ನೆರಡರಿಂದ ಒಂದರವರೆಗೆ ಊಟ. ಹತ್ತರಲ್ಲಿ ಒಂದು ಕಳೆದರೆ ಒಂಬತ್ತು.

ಕಣದಲ್ಲಿ ಎಲ್ಲರಿಗಿಂತ ಹಳಬಳು ಹಾಸನದ ಕಡೆಯಿಂದ ಬಂದ ಒಬ್ಬ ಹೆಂಗಸು. ಊಟದ ಗಂಟೆ ಹೊಡೆದರೆ ಉಳಿದವರು ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹೋಗುವರು. ಹರಡಿದ ಬೀಜವನ್ನು ಬಿಟ್ಟುಹೋಗುವ ಹಾಗಿಲ್ಲವಲ್ಲ, ಅದಕ್ಕೆ ಈಕೆ ಕಣದಲ್ಲೇ ಉಳಿದು ರೊಟ್ಟಿ ತಿನ್ನುವಳು. ಅದು ಯಾರೂ ಹೇಳಿ ಮಾಡಿಸಿದ್ದಲ್ಲ. ಹಾಗೆಯೇ ನಡೆದುಬಂದಿತ್ತು.

ಒಂದು ಮಧ್ಯಾಹ್ನ, ಅದೇ ಊಟದ ಹೊತ್ತಿನಲ್ಲಿ, ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಒಬ್ಬಳೇ ಬೀಜವನ್ನು ರಾಶಿ ಮಾಡಿ ಚಾಪೆ ಮುಚ್ಚಿದಳು. ಒಂದು ಮೂಲೆಗೆ ಚಾಪೆ ಸಾಲಲಿಲ್ಲ. ಹೊದ್ದಿದ್ದ ಕಂಬಳಿಯನ್ನೇ ಹಾಸಿ, ಹಾರದಂತೆ ಕಲ್ಲು ಹೇರಿದಳು. ಕಾಫಿ ಉಳಿಯಿತು. ಮೊದಲೇ ಹಳತಾಗಿದ್ದ ಕಂಬಳಿ, ಕಲ್ಲು ಹೇರಿದಲ್ಲೆಲ್ಲ ಹರಿದುಹೋಯಿತು.

ಸೋಮವಾರಪೇಟೆಯ ಅಂಗಡಿಯೊಂದರಲ್ಲಿ ಬೇರೆ ಕಂಬಳಿ ನೋಡಿ ಮುಂಗಡ ಕೊಟ್ಟು ಬಂದಳು. ಬಾಕಿ ಮೂರು ರೂಪಾಯಿ. ಮುಂದಿನ ಸಂತೆಯೊಳಗೆ ಕೊಡದಿದ್ದರೆ ಅಂಗಡಿಯವನು ಬೇರೆಯವರಿಗೆ ಮಾರುತ್ತಾನಂತೆ. ಬೆಳಗಿನ ಚಳಿಗೆ ಆಕೆ ಗೋಣಿಚೀಲ ಹೊದ್ದು ಬರುತ್ತಿದ್ದಳು.

"ರೈಟ್ರೇ, ತೋಟದ ಕಾಫಿಗೆ ನನ್ ಕಂಬ್ಳಿ ಹೋಯ್ತು. ತೋಟ ಕೊಡ್‌ಬೇಕಲ್ವಾ?"

ನಾನು ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ತೆಗೆದು ನೋಡಿದೆ. "ಊಟದ ಹೊತ್ತಿನಲ್ಲಿ ಕಣದಲ್ಲಿ ಯಾರೂ ಕೆಲಸಕ್ಕಿಲ್ಲ ಅಂತ ಇದೆಯಲ್ಲಮ್ಮ."

"ಓಹೋ. ಹಂಗಾದ್ರೆ ಬೀಜ ತಾನೇ ಎದ್ದು ಹೋಗಿ ರಾಶಿ ಬಿದ್ಕಂತು."

ನೀನು ಕುಳಿತು ಊಟ ಮಾಡುವವಳು, ಅದು ಹೇಗೆ ಕೆಲಸ ಎಂದೆ.

"ನಾಳೆ ನೀವೇ ಕೂತ್ಕಳಿ. ನಾನು ಲೈನಿಗೆ ಹೋಗಿ ಉಣ್ತೀನಿ. ಬಾಳ ವರ್ಷ ಆಯ್ತು."

ಮರುದಿನ ನನ್ನ ಟಿಫಿನ್ ಕ್ಯಾರಿಯರಿನಲ್ಲಿ ಅನ್ನ, ಹುರುಳಿ ಸಾರು, ಒಂದು ಹೋಳು ಮಿಡಿ ಉಪ್ಪಿನಕಾಯಿ ಇತ್ತು. ಮೊದಲ ತುತ್ತಿಗೆ ಮೇಕೆ ಬಂತು. ಅದನ್ನು ಅಟ್ಟಿ ಬರುವಷ್ಟರಲ್ಲಿ ಕೋಳಿಗಳು ಬಂದು ಕಣದ ತುಂಬ ಕೆದಕಿದ್ದವು. ಅಂಚಿನ ಬೀಜಕ್ಕೆ ಬಿಸಿಲು ಹೆಚ್ಚಾಯಿತೆಂದು ಎರಡು ಸಲ ಗೋರೆಯಿಂದ ತಿರುವಿದೆ. ಒಂದು ಗಂಟೆಗೆ ಆಕೆ ಬಾಯಿ ಒರೆಸಿಕೊಳ್ಳುತ್ತ ಬಂದಾಗ ನನ್ನ ಸಾರಿನ ಮೇಲೆ ಕೆನೆ ಕಟ್ಟಿತ್ತು.

"ಊಟ ಆಯ್ತಾ ರೈಟ್ರೇ?"

ನಾನು ಆಫೀಸಿಗೆ ಹೋಗಿ ಲೆಕ್ಕ ಬರೆದೆ. ಹಿಂದಿನ ಬಟವಾಡೆಯಿಂದ ಈಚೆಗೆ ಆಕೆ ಕಣದಲ್ಲಿ ಉಳಿದದ್ದು ಹನ್ನೆರಡು ದಿನ, ದಿನಕ್ಕೊಂದು ಗಂಟೆ, ಎರಡಾಣೆಯಂತೆ ಇಪ್ಪತ್ನಾಲ್ಕು ಆಣೆ: ಒಂದೂವರೆ ರೂಪಾಯಿ. ಶನಿವಾರ ಬಟವಾಡೆಯ ಮೇಜಿನ ಹತ್ತಿರ ನಮ್ಮ ಮೇನೇಜರು, ಅಂದರೆ ಎಲ್ಲರೂ ದೊರೆ ಎನ್ನುತ್ತಿದ್ದವರು, ಅದನ್ನು ನೋಡಿ ಒಪ್ಪಿ ತಲೆಯಾಡಿಸಿದರು. ಆಕೆ ಆಡಿಸಲಿಲ್ಲ.

"ಗೋಡೆ ಕಾಗ್ದದಾಗೆ ಇಮ್ಮಡಿ ಅಂತ ಐತಂತೆ?"

"ಅದು ಒಂಬತ್ತು ಗಂಟೆ ಮೀರಿದ್ದಕ್ಕೆ," ಎಂದೆ. "ನಿನ್ನ ಊಟದ ಹೊತ್ತು ದಿನದ ಆರನೇ ಗಂಟೆ. ನಡುವಿನದು."

"ಎಂತ ರೈಟ್ರೇ, ನಿಮ್ಮ ಲೆಕ್ಕ ಸರಿಯಾಗೇ ಉಂಟಲ್ಲ," ಎಂದರು ದೊರೆ.

ಆಕೆ ನನ್ನ ಕಡೆಯೇ ತಿರುಗಿದಳು. "ಸಂತೆ ಬಸ್ಸು ನೋಡಿದೀರಾ? ಒಂಬತ್ತು ಜನದ ಸೀಟು. ಒಂಬತ್ತೂ ತುಂಬೈತೆ. ನಡೂಕೆ ಒಬ್ಬನ್ನ ತುರುಕಿದ್ರೆ ಬಾಗ್ಲಲ್ಲಿ ಜೋತಾಡೋನು ಯಾರು? ನಡುವಿನೋನಾ, ಕೊನೇನೋನಾ?"

ದೊರೆ ಕೂಡಲೇ "ಕೊನೆಯವನು" ಎಂದುಬಿಟ್ಟರು. ಆಮೇಲೆ ತಮ್ಮ ಮಾತು ಎಲ್ಲಿಗೆ ಹೋಯಿತೆಂದು ನೋಡುವವರಂತೆ ನನ್ನ ಪುಸ್ತಕದ ಮೇಲೆ ಬಗ್ಗಿದರು.

ನಾನು ಬೆರಳು ಮಡಚಿದೆ. ಊಟದ ಹೊತ್ತು ಆರನೆಯದಾದರೆ ಒಂದರಿಂದ ಎರಡು ಏಳನೆಯದು. ನಾಲ್ಕರಿಂದ ಐದು ಹತ್ತನೆಯದು. ದಿನವೂ ಬಾಗಿಲಲ್ಲಿ ಜೋತಾಡುತ್ತಿದ್ದದ್ದು ಅದು. ನಾಲ್ಕು ಗಂಟೆಯ ಮೇಲಿನ ಕೂಲಿಯಾಗಿ ಎರಡಾಣೆ ಆಗಲೇ ಕೊಟ್ಟಿದ್ದೆವಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಕೊಟ್ಟದ್ದು ಒಂಬತ್ತು ಗಂಟೆಗೆ. ಕೊಡದೆ ಉಳಿದದ್ದು ಹತ್ತನೆಯದಕ್ಕೆ, ಅದಕ್ಕೆ ನಾಲ್ಕಾಣೆ. ಹನ್ನೆರಡು ದಿನಕ್ಕೆ ನಲವತ್ತೆಂಟು ಆಣೆ. ಒಂದೂವರೆಯನ್ನು ಹೊಡೆದುಹಾಕಿ ಮೂರು ರೂಪಾಯಿ ಎಂದು ಬರೆದು ಪುಸ್ತಕವನ್ನು ದೊರೆಯ ಕಡೆ ತಳ್ಳಿದೆ. ಅವರು ಸಹಿ ಹಾಕಿದರು. ಆಕೆ ರೂಪಾಯಿಗಳನ್ನು ಒಂದೊಂದಾಗಿ ಸೆರಗಿಗೆ ಗಂಟು ಹಾಕಿಕೊಂಡಳು.

ಸಂತೆಯ ಮಾರನೆಯ ದಿನ ಆಕೆ ಕಪ್ಪು ಅಂಚಿನ ಹೊಸ ಕಂಬಳಿ ಹೊದ್ದು ಬಂದಳು. ಅದೇ ದಿನ ದೊರೆಯ ಆಜ್ಞೆಯೂ ಬಂತು: ಇನ್ನು ಮೇಲೆ ಕಣದವರೆಲ್ಲ ತಪ್ಪದೆ ಲೈನಿಗೆ ಹೋಗಿ ಉಣ್ಣಬೇಕು, ಆ ಒಂದು ಗಂಟೆ ಕಣವನ್ನು ರೈಟರು ನೋಡಿಕೊಳ್ಳಬೇಕು. ನನಗೆ ತಿಂಗಳ ಸಂಬಳ. ಗಂಟೆಯ ಲೆಕ್ಕವಿಲ್ಲ, ಆದ್ದರಿಂದ ಮೀರುವ ಪ್ರಶ್ನೆಯೂ ಇಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ ಮೋಡ ಕವಿಯಿತು. ನಾನು ಅನ್ನ ಬಿಟ್ಟೆದ್ದು ರಾಶಿ ಮಾಡಿ ಚಾಪೆ ಎಳೆದೆ. ಅದೇ ಮೂಲೆಗೆ ಸಾಲಲಿಲ್ಲ. ಲೈನಿನ ಕಡೆ ಕೂಗಿದೆ. ಆಕೆ ಓಡಿಬಂದು ಇನ್ನೊಂದು ತುದಿ ಹಿಡಿದಳು. ಮೈಮೇಲೆ ಕಂಬಳಿ ಇರಲಿಲ್ಲ.

"ಕಂಬಳಿ ಎಲ್ಲಮ್ಮ?"

"ಮನೇಲೈತೆ. ಅದಕ್ಕೂ ಈಗ ಊಟದ ಹೊತ್ತು ರೈಟ್ರೇ."

ನಾನು ಕೋಟು ಬಿಚ್ಚಿ ಆ ಮೂಲೆಗೆ ಹಾಸಿದೆ. ಸಂಜೆ ಆಕೆಯ ಹೆಸರಿನ ಮುಂದೆ ಹತ್ತು ನಿಮಿಷ ಹೆಚ್ಚು ಬರೆದುಕೊಂಡೆ, ಇಮ್ಮಡಿ ದರಕ್ಕೆ.